ಶುಕ್ರವಾರ ಮಾಂಸ ಬಿಡ್ತೀರಿ, ಮೀನು ತಿನ್ತೀರಿ. ಮೀನು ಮಾಂಸ ಅಲ್ವಾ?

ಮಂಗಳೂರಿನ ಕ್ಯಾಥೊಲಿಕರಿಗೆ ಪ್ರತಿ ವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ತಪಸ್ಸು ಕಾಲ, ಅಂದರೆ ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚಿನ ಸುಮಾರು ನಲವತ್ತು ದಿನಗಳ ವ್ರತ ಬಂತೆಂದರೆ ಈ ಪ್ರಶ್ನೆ ತಪ್ಪಿದ್ದಲ್ಲ. ಆಫೀಸಿನಲ್ಲಿ ಬುತ್ತಿ ಬಿಚ್ಚಿದ ಕೂಡಲೇ ಪಕ್ಕದವರು ಇಣುಕುತ್ತಾರೆ. "ಉಪವಾಸ ಅಂದ್ರಿ, ಬಂಗುಡೆ ಪುಳಿಮುಂಚಿ ಘಮ್ಮಂತಿದೆಯಲ್ಲ!" ಈ ಸಲ ಓದುಗರೊಬ್ಬರೂ ಅದನ್ನೇ ಕೇಳಿದ್ದಾರೆ.

ಉಪವಾಸ ಬೇರೆ, ಮಾಂಸ ಬಿಡುವುದು ಬೇರೆ. ಕಡ್ಡಾಯ ಉಪವಾಸ ಇರುವುದು ವರ್ಷಕ್ಕೆ ಎರಡೇ ದಿನ: ಹಣೆಗೆ ಬೂದಿ ಹಚ್ಚಿಸಿಕೊಂಡು ತಪಸ್ಸು ಕಾಲ ಶುರುಮಾಡುವ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅವತ್ತು ಹೊಟ್ಟೆ ತುಂಬ ಊಟ ಒಂದೇ ಹೊತ್ತು. 18ರಿಂದ 59 ವರ್ಷದವರಿಗೆ ಈ ನಿಯಮ. ಆ ಎರಡು ದಿನ ಮತ್ತು ತಪಸ್ಸು ಕಾಲದ ಶುಕ್ರವಾರಗಳಲ್ಲಿ ಮಾಂಸ ಬಿಡಬೇಕು. ಇದು 14 ತುಂಬಿದ ಎಲ್ಲರಿಗೂ ಅನ್ವಯ, ಅಜ್ಜಿಯರಿಗೂ ವಿನಾಯಿತಿ ಇಲ್ಲ. ಶುಕ್ರವಾರವೇ ಯಾಕೆಂದರೆ ಯೇಸು ಶಿಲುಬೆಗೇರಿದ್ದು ಅಂದೇ. ಪ್ರೊಟೆಸ್ಟಂಟರಾದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರಿಗೆ ಇಂಥ ಕಟ್ಟುಪಾಡಿಲ್ಲ, ಬಿಡುವುದು ಅವರವರ ಇಷ್ಟ.

ಈಗ ಮೀನಿಗೆ ಬರೋಣ. ನಿಯಮ ಬರೆದದ್ದು ಲ್ಯಾಟಿನ್ ಭಾಷೆಯಲ್ಲಿ. ಅಲ್ಲಿ ಮಾಂಸಕ್ಕೆ ಬಳಸಿದ ಪದ 'ಕಾರೊ'. ಈ ನಿಯಮದ ಮಟ್ಟಿಗೆ ಅದು ನೆಲದ ಪ್ರಾಣಿಗಳ ಮತ್ತು ಹಕ್ಕಿಗಳ ಮಾಂಸ. ಕೋಳಿ, ಕುರಿ, ಹಂದಿ, ದನ ಎಲ್ಲ ಬಂತು. ನೀರಿನದು ಈ ಲೆಕ್ಕದಲ್ಲಿಲ್ಲ, ಸಿಗಡಿ, ಏಡಿ, ಚಿಪ್ಪಿನೊಳಗಿನ ಮರುವಾಯಿ ಕೂಡ. ನಮ್ಮಲ್ಲೂ ಹಾಗೇ ಅಲ್ವಾ? ಮಾರ್ಕೆಟಿಗೆ ಹೋಗಿ "ಒಂದು ಕೆಜಿ ಮಾಂಸ ಕೊಡಿ" ಅಂದರೆ ಯಾರೂ ಬೂತಾಯಿ ಮೀನು ತೂಗುವುದಿಲ್ಲ.

ಕೆಲವರು ಸಂತ ಪೌಲನನ್ನು ಸಾಕ್ಷಿಗೆ ಕರೆಯುತ್ತಾರೆ. ಮನುಷ್ಯರ, ಪ್ರಾಣಿಗಳ, ಹಕ್ಕಿಗಳ, ಮೀನುಗಳ ಶರೀರ ಬೇರೆ ಬೇರೆ ಅಂತ ಬೈಬಲಿನಲ್ಲಿರುವ ಅವನ ಪತ್ರದಲ್ಲಿ, 1 ಕೊರಿಂಥ 15:39ರಲ್ಲಿ ಇದೆ. ಆದರೆ ಅಲ್ಲಿ ಪೌಲ ಮಾತಾಡುತ್ತಿರುವುದು ಪುನರುತ್ಥಾನದ ಬಗ್ಗೆ, ಅಂದರೆ ಸತ್ತವರು ಮತ್ತೆ ಎದ್ದು ಬರುವ ಬಗ್ಗೆ, ಸುಮ್ನೆ ಅಡುಗೆಮನೆಗೆ ಎಳೆಯಬಾರದು. 13ನೇ ಶತಮಾನದ ಧರ್ಮಪಂಡಿತ ಸಂತ ಥಾಮಸ್ ಅಕ್ವಿನಾಸ್ ಕೊಟ್ಟ ಕಾರಣ ನೇರವಾಗಿದೆ: ಪ್ರಾಣಿಗಳ ಮಾಂಸ ನಾಲಿಗೆಗೆ ಜಾಸ್ತಿ ಸುಖ ಕೊಡುತ್ತದೆ, ಆದ್ದರಿಂದ ಅದನ್ನು ಬಿಡಬೇಕು. ಅವರು ಅಂಜಲ್ ಮೀನಿನ ತವಾ ಫ್ರೈ ತಿಂದವರಲ್ಲ ಬಿಡಿ.

ನಮ್ಮ ತೊಡಕು ಇರುವುದು ಇಲ್ಲೇ. ಕರಾವಳಿಯಲ್ಲಿ ಅಂಜಲ್, ಮಾಂಜಿ ಮೀನಿಗೆ ಕೋಳಿಗಿಂತ ಜಾಸ್ತಿ ದುಡ್ಡು ಕೊಡಬೇಕು. ಶುಕ್ರವಾರ ಕೋಳಿ ಬಿಟ್ಟು ಅಂಜಲ್ ತಿಂದರೆ ನಿಯಮ ಮುರಿದ ಹಾಗಲ್ಲ, ಸರಿ. ಆದರೆ ಏನು ಬಿಟ್ಟ ಹಾಗಾಯಿತು? ಬೈಬಲಿನ ಪ್ರವಾದಿ ಯೆಶಾಯನ ಗ್ರಂಥದ 58ನೇ ಅಧ್ಯಾಯದಲ್ಲಿ ದೇವರು ಕೇಳುವ ಉಪವಾಸ ಹಸಿದವರ ಜೊತೆ ಅನ್ನ ಹಂಚಿಕೊಳ್ಳುವುದು. ಆ ಮಾತಿನ ಪಕ್ಕದಲ್ಲಿ ಅಂಜಲ್ ತಟ್ಟೆ ಇಟ್ಟು ನೋಡಿದರೆ ನನಗಂತೂ ಸ್ವಲ್ಪ ಮುಜುಗರ.

ನನ್ನ ಅಮ್ಮ ಈ ಚರ್ಚೆಗೇ ಬರುತ್ತಿರಲಿಲ್ಲ. ಮಾಂಸ ನಮ್ಮ ಮನೆಯಲ್ಲಿ ಭಾನುವಾರ ಮಾತ್ರ. ಹಾಗಾಗಿ ಶುಕ್ರವಾರ ಬಿಡಲು ಇದ್ದದ್ದೇ ಮೀನು. ಅದನ್ನು ಅವರು ಇಡೀ ತಪಸ್ಸು ಕಾಲ ಬಿಡುತ್ತಿದ್ದರು. ಕುಚ್ಚಲಕ್ಕಿ ಗಂಜಿ, ಸುಟ್ಟ ಹಪ್ಪಳ, ಹೆಸರುಕಾಳಿನ ಪಲ್ಯ. ಮೀನಿನ ದುಡ್ಡು ಹಳೇ ಹಾರ್ಲಿಕ್ಸ್ ಬಾಟಲಿಗೆ ಬೀಳುತ್ತಿತ್ತು. ಪಾಸ್ಖಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಚರ್ಚಿಗೆ ಒಯ್ಯುತ್ತಿದ್ದರು.

ಮೀನು ಮಾರುವ ಹೆಂಗಸಿಗೂ ಇದು ಗೊತ್ತಿತ್ತು. ಅಮ್ಮನ ಹಣೆಯಲ್ಲಿ ಬೂದಿಯ ಶಿಲುಬೆ ಕಂಡ ದಿನದಿಂದ ನಮ್ಮ ಗೇಟಿನ ಮುಂದೆ ಕೂಗುತ್ತಿರಲಿಲ್ಲ. ಪಾಸ್ಖ ಹಬ್ಬದ ಹಿಂದಿನ ದಿನ ಮಾತ್ರ ಕರೆಯದೆಯೇ ಬಂದು ಬುಟ್ಟಿ ಇಳಿಸುತ್ತಿದ್ದಳು. ಆ ಬಂಗುಡೆಗೂ ಅಮ್ಮ ಮಸಾಲೆ ಹಚ್ಚಿ ಮುಚ್ಚಿಡುತ್ತಿದ್ದರು. ತವಾ ಒಲೆಗೆ ಏರುತ್ತಿದ್ದುದು ರಾತ್ರಿ, ಜಾಗರಣೆಯ ಪೂಜೆ ಮುಗಿಸಿ ಬಂದ ಮೇಲೆಯೇ.