ಎಂಪಿರಿಕಲ್: ಅರ್ಧ ಮರೆತುಹೋದ ಒಂದು ಪದ

2021ರ ಮೇನಲ್ಲಿ ಕೋವಿಡ್ ಆಗಿ ಆಸ್ಪತ್ರೆ ಸೇರಿದ್ದ ದೊಡ್ಡಪ್ಪ ಹನ್ನೊಂದನೇ ದಿನ ಸೋಮವಾರಪೇಟೆಯ ಮನೆಗೆ ಬಂದರು. ಫೈಲಿನ ಮೊದಲ ಹಾಳೆಯಲ್ಲೇ ‘ಎಂಪಿರಿಕಲ್ ಆಂಟಿಬಯೋಟಿಕ್’ ಎಂದಿತ್ತು. “ಇದ್ಯಾವ ಕಂಪನಿ ಮದ್ದು ಮಗಾ?” ಅಂತ ಕೇಳಿದರು.

ಕಂಪನಿಯ ಹೆಸರಲ್ಲ. ಗ್ರೀಕಿನಲ್ಲಿ ‘ಅನುಭವ’ ಎಂಬರ್ಥದ ಮಾತಿನಿಂದ ಬಂದ ಪದ. ನಿಘಂಟಿನಲ್ಲಿ ‘ಅನುಭವಜನ್ಯ’ ಎಂದು ಸಿಗುತ್ತದೆ. ವಾರ್ಡಿನಲ್ಲಿ ಹಾಗೆ ಹೇಳಿದರೆ ನರ್ಸ್ ಮುಖ ನೋಡಿಯಾರು. ನಾನಂತೂ ‘ಅಂದಾಜಿನ ಮದ್ದು’ ಅನ್ನುತ್ತೇನೆ. ಯಾವ ಬ್ಯಾಕ್ಟೀರಿಯಾ ಎಂದು ಲ್ಯಾಬ್ ಹೇಳುವ ಮೊದಲೇ, ಇಂಥ ಲಕ್ಷಣಕ್ಕೆ ಸಾಮಾನ್ಯವಾಗಿ ಇದೇ ಕಾರಣ ಎಂದು ಲೆಕ್ಕ ಹಾಕಿ ಶುರು ಮಾಡುವ ಆಂಟಿಬಯೋಟಿಕ್. ಇದರಲ್ಲಿ ತಪ್ಪೇನಿಲ್ಲ. ರಕ್ತದ ಕಲ್ಚರ್, ಅಂದರೆ ರಕ್ತದ ಮಾದರಿಯಿಂದ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ; ಅದರ ವರದಿಗೆ ಎರಡು ಮೂರು ದಿನ ಬೇಕು. ನಂಜು ರಕ್ತಕ್ಕೇರಿದವರು ಅಲ್ಲಿಯವರೆಗೆ ಕಾಯುವಂತಿಲ್ಲ.

ತೋಟದವರಿಗೆ ಇದು ಹೊಸದಲ್ಲ. ಕೊಳೆರೋಗ ಕಾಣುವ ಮುಂಚೆಯೇ, ಮಳೆ ಹಿಡಿಯುವಷ್ಟರಲ್ಲಿ ಕಾಫಿಗೆ ಸುಣ್ಣ, ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆದು ಮುಗಿಸುತ್ತೇವೆ. ಅನುಭವದ ಮದ್ದೇ ಅದು. ಆದರೆ ಗಿಡದೊಳಗೆ ಬಿಳಿ ಕಾಂಡಕೊರಕ ಕೂತಿದ್ದರೆ? ಕೊಳೆರೋಗ ಶಿಲೀಂಧ್ರದ್ದು, ಕಾಂಡಕೊರಕ ಹುಳು. ಸುಣ್ಣ, ಮೈಲುತುತ್ತ ಎಷ್ಟು ಸುರಿದರೂ ಹುಳು ಕೊರೆಯುತ್ತಲೇ ಇರುತ್ತದೆ. ಕೋವಿಡ್ ವೈರಸ್ಸಿನ ಕಾಯಿಲೆ. ಆಂಟಿಬಯೋಟಿಕ್ ವೈರಸ್ಸನ್ನು ಮುಟ್ಟುವುದಿಲ್ಲ.

ಡಾಕ್ಟರಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿಯೇ ಗೊತ್ತಿತ್ತು. ಆದರೆ ಎಕ್ಸ್‌ರೇಯ ಬಿಳಿ ಮಚ್ಚೆ ವೈರಸ್ಸಿಗೂ ಬರುತ್ತದೆ, ಬ್ಯಾಕ್ಟೀರಿಯಾಕ್ಕೂ ಬರುತ್ತದೆ. ಸಿಆರ್‌ಪಿ ಎಂಬ ಉರಿಯೂತ ತೋರಿಸುವ ರಕ್ತಪರೀಕ್ಷೆಯ ಅಂಕಿಯೂ ಎರಡಕ್ಕೂ ಏರುತ್ತದೆ. 1918ರ ಫ್ಲೂನಲ್ಲಿ ಬಹಳ ಜನ ಸತ್ತದ್ದು ಹಿಂದೆಯೇ ಬಂದ ಬ್ಯಾಕ್ಟೀರಿಯಾ ನ್ಯುಮೋನಿಯಾದಿಂದ ಎಂಬ ನೆನಪು ಬೇರೆ. ಪರೀಕ್ಷೆಗೆ ಕಫ ತೆಗೆಯಲು ಹೋದರೆ ತೆಗೆಯುವವರಿಗೇ ಸೋಂಕಿನ ಭಯ. ಹೊರಗೆ ಬೆಡ್ಡಿಗಾಗಿ ಸಾಲು. ‘ಇರಲಿ, ಒಂದು ಹಾಕಿಬಿಡೋಣ’ ಅನ್ನಿಸುವುದು ಸಹಜ.

ಆ ‘ಇರಲಿ’ ಎಷ್ಟಾಯಿತು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಲೆಕ್ಕ ಕೊಟ್ಟಿತು. 65 ದೇಶಗಳ ಆಸ್ಪತ್ರೆ ಸೇರಿದ್ದ ಸುಮಾರು 4.5 ಲಕ್ಷ ಕೋವಿಡ್ ರೋಗಿಗಳ ಮಾಹಿತಿ. ಕೋವಿಡ್ ಜೊತೆಗೆ ಬ್ಯಾಕ್ಟೀರಿಯಾ ಸೋಂಕೂ ಇದ್ದವರು ನೂರಕ್ಕೆ 8; ಆಂಟಿಬಯೋಟಿಕ್ ಪಡೆದವರು ಸುಮಾರು 75. ಮನೆಮನೆಯಲ್ಲೂ ಹೆಸರಾಗಿದ್ದ ಅಜಿತ್ರೋಮೈಸಿನ್ ಎಂಬ ಆಂಟಿಬಯೋಟಿಕ್ ಕಥೆಯೂ ಅಷ್ಟೇ: ಬ್ರಿಟನ್ನಿನ ‘ರಿಕವರಿ’ ಪ್ರಯೋಗದಲ್ಲಿ ಆಸ್ಪತ್ರೆಯ ಕೋವಿಡ್ ರೋಗಿಗಳಿಗೆ ಅದರಿಂದ ಲಾಭ ಕಾಣಲಿಲ್ಲ. ಇನ್ನೊಂದು ಕಡೆ, ಆಂಟಿಬಯೋಟಿಕ್ ಬಳಸಿದಷ್ಟೂ ಅದಕ್ಕೆ ಬಗ್ಗದ ಬ್ಯಾಕ್ಟೀರಿಯಾ ಉಳಿದು ಬೆಳೆಯುತ್ತದೆ. ಅಮೆರಿಕದ ಆಸ್ಪತ್ರೆಗಳೊಳಗೆ ಅಂಟುವ, ಮದ್ದಿಗೆ ಬಗ್ಗದ ಸೋಂಕುಗಳು 2020ರಲ್ಲಿ ಹಿಂದಿನ ವರ್ಷಕ್ಕಿಂತ ಕನಿಷ್ಠ ಶೇ 15ರಷ್ಟು ಹೆಚ್ಚಿದವು ಎಂದು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳಿತು. ಆಂಟಿಬಯೋಟಿಕ್ ಒಂದೇ ಕಾರಣವಲ್ಲ; ಕೈಗವಸು, ಗೌನುಗಳ ಕೊರತೆ, ದಿನಗಟ್ಟಲೆ ವೆಂಟಿಲೇಟರ್ ಎಲ್ಲವೂ ಸೇರಿದ್ದವು.

ನನಗೆ ಮುಖ್ಯ ಅನ್ನಿಸುವುದು ಬೇರೆ. ‘ಎಂಪಿರಿಕಲ್’ ಪದಕ್ಕೆ ಇನ್ನರ್ಧ ಅರ್ಥವಿದೆ. ಅಂದಾಜಿನಲ್ಲಿ ಶುರು ಮಾಡಿದ್ದನ್ನು 48ರಿಂದ 72 ಗಂಟೆಯೊಳಗೆ ವರದಿ ಎದುರಿಟ್ಟುಕೊಂಡು ಮತ್ತೆ ನೋಡಬೇಕು: ಮುಂದುವರಿಸುವುದೋ, ಬದಲಿಸುವುದೋ, ನಿಲ್ಲಿಸುವುದೋ. ಶುರು ಮಾಡಲು ಒಂದು ಸಾಲು ಬರೆದರೆ ಸಾಕು. ನಿಲ್ಲಿಸಲು ಯಾರಾದರೂ ಪುರುಸೊತ್ತಾಗಿ ಫೈಲು ತಿರುವಬೇಕು. ಎರಡನೇ ಅಲೆಯಲ್ಲಿ ಯಾರಿಗಿತ್ತು ಪುರುಸೊತ್ತು?

ದೊಡ್ಡಪ್ಪನ ಫೈಲನ್ನು ಆಮೇಲೊಮ್ಮೆ ಪೂರ್ತಿ ತಿರುವಿದೆ. ಮೂರನೇ ದಿನದ ಕಲ್ಚರ್ ವರದಿ ಪಿನ್ ಹೊಡೆದಂತೆಯೇ ಇತ್ತು: ‘ನೋ ಗ್ರೋತ್’. ಏನೂ ಬೆಳೆದಿಲ್ಲ ಎಂದರ್ಥ. ಮುಂದಿನ ಹಾಳೆಗಳಲ್ಲಿ ಅದೇ ಇಂಜೆಕ್ಷನ್ನಿಗೆ ದಿನಕ್ಕೆರಡು ಟಿಕ್, ಒಂಬತ್ತನೇ ದಿನದವರೆಗೂ.