ಟೊಮೆಟೊ ಗಿಡಕ್ಕೆ ಸೆಕೆ ಗೊತ್ತಾಗುವ ಬಗೆ

ಟೊಮೆಟೊ ಗಿಡದ ಒಂದೇ ಒಂದು ಜೀನ್ ಕೆಲಸ ಮಾಡದ ಹಾಗೆ ಮಾಡಿದರೆ ಏನಾಗುತ್ತದೆ? ಜರ್ಮನಿಯ ಫ್ರಾಂಕ್‌ಫರ್ಟ್‌ನ ವಿಜ್ಞಾನಿಗಳು ಇದನ್ನು ಮಾಡಿ ನೋಡಿ 2002ರಲ್ಲಿ ಪ್ರಕಟಿಸಿದರು. ಗಿಡ ಚೆನ್ನಾಗಿಯೇ ಬೆಳೆಯಿತು. ಹೂ ಬಿಟ್ಟಿತು, ಕಾಯಿ ಕಚ್ಚಿತು. ಪಕ್ಕದ ಗಿಡಕ್ಕೂ ಇದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಬಿಸಿ ಏರಿಸಿದಾಗ ಬಣ್ಣ ಬಯಲಾಯಿತು. ಮಾಮೂಲಿ ಗಿಡ ತಡೆದುಕೊಳ್ಳುವ ಸೆಕೆಗೆ ಇದು ಸೋತುಹೋಯಿತು. ಕಾಯಿಗಳೂ ಅಷ್ಟೇ.

ಆ ಜೀನಿನ ಹೆಸರು ಎಚ್‌ಎಸ್‌ಎಫ್-ಎ1 (ಎಚ್‌ಎಸ್‌ಎಫ್ ಅಂದರೆ ಹೀಟ್ ಶಾಕ್ ಫ್ಯಾಕ್ಟರ್). ಅದರಿಂದ ತಯಾರಾಗುವ ಪ್ರೋಟೀನಿನ ಕೆಲಸ ಬೇರೆ ಜೀನ್‌ಗಳನ್ನು ಚಾಲೂ ಮಾಡುವುದು.

ಪ್ರೋಟೀನ್ ಅಂದರೆ ಉದ್ದನೆಯ ಎಳೆ. ಸರಿಯಾಗಿ ಮಡಿಚಿಕೊಂಡಿದ್ದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಬಿಸಿ ಜಾಸ್ತಿಯಾದರೆ ಮಡಿಕೆ ಬಿಚ್ಚಿಕೊಳ್ಳುತ್ತದೆ. ಒಳಗಿದ್ದ ಅಂಟಂಟು ಭಾಗಗಳು ಹೊರಬಂದು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ಬೇಯಿಸಿದ ಮೊಟ್ಟೆಯ ಬಿಳಿ ಗಟ್ಟಿಯಾಗುವುದು ಹೀಗೇ. ಅದನ್ನು ಮತ್ತೆ ನೀರಾಗಿಸಲು ಅಡುಗೆಮನೆಯಲ್ಲಿ ಆಗಲ್ಲ. ಗಿಡದೊಳಗೆ ಸ್ವಲ್ಪ ಮಟ್ಟಿಗೆ ಆಗುತ್ತದೆ! ಈ ಕೆಲಸ ಎಚ್‌ಎಸ್‌ಪಿಗಳದ್ದು, ಅಂದರೆ ಹೀಟ್ ಶಾಕ್ ಪ್ರೋಟೀನ್‌ಗಳದ್ದು. ಅವುಗಳಲ್ಲಿ ಎಚ್‌ಎಸ್‌ಪಿ101 ಗಂಟಾದ ಎಳೆಗಳನ್ನು ಬಿಡಿಸುತ್ತದೆ. ಎಚ್‌ಎಸ್‌ಪಿ70 ಅವು ಮತ್ತೆ ಸರಿಯಾಗಿ ಮಡಿಚಿಕೊಳ್ಳಲು ನೆರವಾಗುತ್ತದೆ.

ನನಗೆ ತುಂಬಾ ಇಷ್ಟವಾಗುವುದು ಇವಕ್ಕೆ ಕರೆ ಹೋಗುವ ರೀತಿ. ಸೆಕೆಯಿಲ್ಲದ ದಿನಗಳಲ್ಲೂ ಎಚ್‌ಎಸ್‌ಪಿ70, ಎಚ್‌ಎಸ್‌ಪಿ90 ಸ್ವಲ್ಪ ಇದ್ದೇ ಇರುತ್ತವೆ. ಆಗ ಅವು ಎಚ್‌ಎಸ್‌ಎಫ್-ಎ1 ಅನ್ನು ಹಿಡಿದು ಕೂರಿಸಿರುತ್ತವೆ. ಬಿಸಿ ಏರಿ ಎಲ್ಲೆಲ್ಲೂ ಪ್ರೋಟೀನ್ ಬಿಚ್ಚಿಕೊಳ್ಳತೊಡಗಿದರೆ, ಇದನ್ನು ಬಿಟ್ಟು ಆ ಕಡೆ ಹೋಗುತ್ತವೆ. ಬಿಡುಗಡೆಯಾದ ಎ1 ಮೂರು ಮೂರಾಗಿ ಕೂಡಿಕೊಂಡು ಕೋಶಕೇಂದ್ರ ಸೇರುತ್ತದೆ. ಅಲ್ಲಿ ಡಿಎನ್‌ಎಯಲ್ಲಿ ಜಿ-ಎ-ಎ ಅಕ್ಷರಗಳು ಮತ್ತೆ ಮತ್ತೆ ಬರುವ ಜಾಗ ಹುಡುಕಿ ಅಂಟಿಕೊಳ್ಳುತ್ತದೆ. ಪಕ್ಕದ ಎಚ್‌ಎಸ್‌ಪಿ ಜೀನ್ ಚಾಲೂ. ಎಲ್ಲ ಕೆಲವೇ ನಿಮಿಷಗಳ ಮಾತು. ಹೊಸ ಎಚ್‌ಎಸ್‌ಪಿಗಳು ಸಾಕಷ್ಟು ತಯಾರಾಗಿ, ಕೆಲಸ ಮುಗಿದು ಕೈ ಖಾಲಿಯಾದ ಮೇಲೆ, ಅವೇ ಮತ್ತೆ ಎ1 ಅನ್ನು ಹಿಡಿದು ಕೂರಿಸುತ್ತವೆ. ಅಂದರೆ ಇಲ್ಲಿ ಗಿಡ ಡಿಗ್ರಿ ಅಳೆಯುತ್ತಿಲ್ಲ. ಎಷ್ಟು ಕೆಟ್ಟಿದೆ ಅಂತ ನೋಡುತ್ತಿದೆ. (ಬಿಸಿಯನ್ನು ನೇರವಾಗಿ ಗುರುತಿಸುವ ದಾರಿಗಳೂ ಗಿಡಗಳಲ್ಲಿವೆ. ಬೆಳಕನ್ನು ಗ್ರಹಿಸುವ ಫೈಟೋಕ್ರೋಮ್-ಬಿ ಬಿಸಿಯನ್ನೂ ಗ್ರಹಿಸುತ್ತದೆ ಎಂದು 2016ರಲ್ಲಿ ತಿಳಿಯಿತು.)

ಇಂಥದ್ದೇ ಏರ್ಪಾಡು ನಮ್ಮಲ್ಲೂ ಇದೆ, ನೊಣದಲ್ಲೂ ಇದೆ. ಇದರ ಮೊದಲ ಸುಳಿವು ಸಿಕ್ಕಿದ್ದೇ ಹಣ್ಣುನೊಣದಲ್ಲಿ, ಇಟಲಿಯ ಫೆರುಚ್ಚೊ ರಿಟೋಸಾ ಅವರಿಗೆ. ಮರಿಹುಳುಗಳನ್ನಿಟ್ಟಿದ್ದ ಪೆಟ್ಟಿಗೆಯ ಬಿಸಿಯನ್ನು ಯಾರೋ ಏರಿಸಿಬಿಟ್ಟಿದ್ದರು. ನೋಡಿದರೆ ಕ್ರೋಮೋಸೋಮಿನ ಕೆಲವು ಜಾಗಗಳು ಉಬ್ಬಿಕೊಂಡಿದ್ದವು. ಅಲ್ಲಿನ ಜೀನ್‌ಗಳು ಚಾಲೂ ಆಗಿದ್ದರ ಗುರುತು ಅದು. 1962ರಲ್ಲಿ ಅದನ್ನು ಪ್ರಕಟಿಸಿದರು. ನೊಣಕ್ಕೆ ಎಚ್‌ಎಸ್‌ಎಫ್ ಜೀನ್ ಒಂದೇ. ಟೊಮೆಟೊಗೆ 20ಕ್ಕೂ ಹೆಚ್ಚು. ಎದ್ದು ನೆರಳಿಗೆ ಹೋಗಲಾರದ ಜೀವಕ್ಕೆ ಅಷ್ಟು ಬೇಕಲ್ವಾ?

ಇಷ್ಟೆಲ್ಲ ಇದ್ದೂ ಪರಾಗದ ವಿಷಯದಲ್ಲಿ ಗಿಡ ಸೋಲುತ್ತದೆ. ಬೇಸಿಗೆಯಲ್ಲಿ ಟೊಮೆಟೊ ಹಾಕಿದವರಿಗೆ ಈ ಕಾಟ ಗೊತ್ತು. ಎಲೆ ಹಸಿರಾಗಿಯೇ ಇದೆ, ಹೂವೂ ತುಂಬಿದೆ, ಕಾಯಿ ಮಾತ್ರ ಕಚ್ಚಲ್ಲ. ತೊಟ್ಟಿನ ನಡುವಿನ ಗಿಣ್ಣಿನಲ್ಲೇ ಕಳಚಿ ಹೂ ಉದುರುತ್ತದೆ. ಎಲೆಯನ್ನು ಉಳಿಸಿದ ಏರ್ಪಾಡು, ಬೆಳೆಯುತ್ತಿರುವ ಪರಾಗಕ್ಕೆ ಸಾಲುವುದಿಲ್ಲ. ಅದರಲ್ಲೂ ಹೂ ಅರಳುವುದಕ್ಕೆ ಸುಮಾರು 8ರಿಂದ 13 ದಿನ ಮೊದಲಿನ ಹೊತ್ತು ತೀರಾ ನಾಜೂಕು. ಮೊಗ್ಗು ಆಗಿನ್ನೂ ಸಣ್ಣದು, ಯಾರ ಕಣ್ಣಿಗೂ ಬೀಳುವಂಥದ್ದಲ್ಲ. ಹಾಗಾಗಿ ಇವತ್ತು ಉದುರಿದ ಹೂವಿಗೆ ಪೆಟ್ಟು ಬಿದ್ದದ್ದು ಹಿಂದಿನ ವಾರದ ಬಿಸಿಲಿನಲ್ಲೇ ಇರಬಹುದು. ಇವತ್ತು ಎಷ್ಟು ನೀರು ಬಿಟ್ಟರೂ ಆ ಪರಾಗ ಸರಿಹೋಗಲ್ಲ.