14 ದಿನ ಸರಿ, ಆದ್ರೆ ಹಿಂದಿನಿಂದ ಎಣಿಸಿ

"ಮೇಡಂರೀ, 14ನೇ ದಿನ ಒಂದೂ ತಪ್ಪಿಸಿಲ್ರಿ, ಆದ್ರೂ ನಿಂತಿಲ್ರಿ." ಕಲಬುರಗಿಯ ನನ್ನ ಓಪಿಡಿಯಲ್ಲಿ ಈ ಮಾತು ಕೇಳದ ವಾರವಿಲ್ಲ. ಹೇಳುವವರ ಮೇಲೆ ನನಗೆ ಸಿಟ್ಟಿಲ್ಲ, ಮುಟ್ಟಾದ 14ನೇ ದಿನ ಗಂಡ-ಹೆಂಡತಿ ಕೂಡಿದರೆ ಬಸಿರು ನಿಲ್ಲುತ್ತದೆ ಅನ್ನೋ ಈ 14ರ ಮೇಲೆ ಸಿಟ್ಟು.

ಯಾದಗಿರಿ ಕಡೆಯ ಒಬ್ಬ ಹುಡುಗಿ ಅತ್ತೆ ಜೊತೆ ಬಂದಿದ್ದಳು. ಗಂಡ ಬೆಂಗಳೂರಿನಲ್ಲಿ ಕಟ್ಟಡದ ಕೆಲಸ. ಯಾರೋ 14ನೇ ದಿನ ಅಂದಿದ್ದಾರೆ, ಪಾಪ, ಎಂಟು ತಿಂಗಳಿಂದ ಲೆಕ್ಕ ಹಾಕಿ 13ನೇ ದಿನ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬರುತ್ತಾನೆ, ಮರುದಿನ ರಾತ್ರಿ ವಾಪಸ್. ಅವಳು ಪರ್ಸಿನಿಂದ ಸೀರೆ ಅಂಗಡಿ ಕ್ಯಾಲೆಂಡರಿನ ಹಾಳೆಗಳನ್ನು ತೆಗೆದಳು. ನಾಲ್ಕು ಮಡಿಕೆ, ಮುಟ್ಟಾದ ದಿನಕ್ಕೆಲ್ಲ ಕೆಂಪು ಪೆನ್ನಿನ ಸುತ್ತು. ಮುಟ್ಟಿನಿಂದ ಮುಟ್ಟಿಗೆ ನಾನು ಎಣಿಸಿದೆ: 35, 34, 35 ದಿನ.

ಲೆಕ್ಕ ತಪ್ಪಿದ್ದು ಇಲ್ಲೇ. ಮುಟ್ಟಿನಿಂದ ಅಂಡಾಣು ಹೊರಬರುವವರೆಗಿನ ಭಾಗ ಒಬ್ಬೊಬ್ಬರಿಗೆ ಒಂದೊಂದು ಥರ, ಅದು ಹಿಗ್ಗುತ್ತದೆ, ಕುಗ್ಗುತ್ತದೆ. ಅಂಡಾಣು ಬಂದ ಮೇಲಿನ ಭಾಗ ಮಾತ್ರ ಹೆಚ್ಚುಕಡಿಮೆ 14 ದಿನ. ಅಂದ್ರೆ ಮುಂದಿನ ಮುಟ್ಟಿನಿಂದ ಹಿಂದಕ್ಕೆ ಎಣಿಸಬೇಕು. ಜಪಾನಿನ ಡಾಕ್ಟರ್ ಕ್ಯುಸಾಕು ಒಗಿನೊ ಇದನ್ನು 1924ರಲ್ಲೇ ಹೇಳಿದ್ದರು, ಮುಂದಿನ ಮುಟ್ಟಿಗೆ 12ರಿಂದ 16 ದಿನ ಮುಂಚೆ ಅಂತ. 28 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಯಾವ ಕಡೆಯಿಂದ ಎಣಿಸಿದರೂ 14 ಬರುತ್ತದೆ, ಅದಕ್ಕೇ ಈ ಗೊಂದಲ. 25 ದಿನದವರಿಗೆ 11ನೇ ದಿನದ ಸುಮಾರಿಗೆ. ಈ ಹುಡುಗಿಗೆ 20–21. ಅಷ್ಟೊತ್ತಿಗೆ ಗಂಡ ಬೆಂಗಳೂರು ಸೇರಿ ಆರು ದಿನ!

ವೀರ್ಯಾಣು ಒಳಗೆ ಹೆಚ್ಚೆಂದರೆ 5 ದಿನ ಬದುಕುತ್ತದೆ, ಅಂಡಾಣು ಒಂದೇ ದಿನ. ಹಾಗಾಗಿ ಅಂಡಾಣು ಬರುವ ದಿನ ಮತ್ತು ಅದಕ್ಕಿಂತ ಮುಂಚಿನ ನಾಲ್ಕೈದು ದಿನವೇ ಮುಖ್ಯ, ದಿನ ಬಿಟ್ಟು ದಿನ ಕೂಡಿದರೆ ಸಾಕು. ಎಣಿಸುವಾಗ ಬರೀ ಕಲೆ ಕಂಡ ದಿನ ಬೇಡ, ಸರಿಯಾಗಿ ಹೋಗಲು ಶುರುವಾದದ್ದೇ 1ನೇ ದಿನ. ಇದೂ ಅಂದಾಜೇ, ಗಡಿಯಾರವಲ್ಲ. ಜ್ವರ, ನಿದ್ದೆಗೇಡು, ಚಿಂತೆ ಬಂದರೆ ಆ ತಿಂಗಳು ಮುಂದೆ ಹೋಗಬಹುದು. ಮುಟ್ಟಿನಿಂದ ಮುಟ್ಟಿಗೆ 21 ದಿನಕ್ಕಿಂತ ಕಡಿಮೆ ಇಲ್ಲವೇ 35ಕ್ಕಿಂತ ಜಾಸ್ತಿ ಆಗುತ್ತಿದ್ದರೆ ಲೆಕ್ಕ ಬಿಟ್ಟು ಡಾಕ್ಟರ್ ಹತ್ರ ಹೋಗಿ.

ಕ್ಯಾಲೆಂಡರಿಗಿಂತ ನಿಮ್ಮ ಮೈಯೇ ಚೆನ್ನಾಗಿ ಹೇಳುತ್ತದೆ. ಆ ದಿನಗಳಲ್ಲಿ ಹಸಿ ತತ್ತಿಯ ಬಿಳಿಯಂತೆ, ಬೆರಳಿಗೆ ಎಳೆ ಬರುವಂಥ ಲೋಳೆ ಹೋಗುತ್ತದೆ. ತತ್ತಿ ಮುಟ್ಟದ ಮನೆಯವರಿಗೆ ಲೋಳೆಸರ ಸೀಳಿ ತೋರಿಸಬೇಕಾಗುತ್ತದೆ, ಅದೂ ಮಾಡಿದ್ದೇನೆ. ಇದನ್ನೇ "ಬಿಳಿ ಹೋಗ್ತದ್ರಿ" ಅಂತ ಕಾಯಿಲೆ ಮಾಡಿ ಸುಮ್ನೆ ಗುಳಿಗೆ ನುಂಗುವವರಿದ್ದಾರೆ. ವಾಸನೆ, ತುರಿಕೆ ಇದ್ದರೆ, ಮೊಸರು ಒಡೆದಂತಿದ್ದರೆ ಮಾತ್ರ ಅದು ಬೇರೆ, ತೋರಿಸಬೇಕು.

ಗಂಡನಿಗೆ ಫೋನ್ ಹಚ್ಚಿಸಿದೆ. ಮುಂದಿನ ಸಲ ಮುಟ್ಟಾದ 16ನೇ ದಿನಕ್ಕೆ ಬಂದು 21ನೇ ದಿನದವರೆಗೆ ಇರಪ್ಪಾ ಅಂದೆ. "ಅಷ್ಟು ದಿನ ರಜಾ ಕೊಡಂಗಿಲ್ರಿ" ಅಂದ. ಹಂಗಾದ್ರೆ ಇವಳನ್ನೇ ಅಲ್ಲಿಗೆ ಕರೆಸಿಕೋ ಅಂದೆ. ಅವಳು ನೆಲ ನೋಡಿ ನಕ್ಕಳು.

ಅವನ ವೀರ್ಯ ಪರೀಕ್ಷೆಗೂ ಚೀಟಿ ಬರೆದೆ. ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದರು, "ಇದ್ರಾಗ ನನ್ನ ಮಗನ ಹೆಸರು ಯಾಕ ಬರದೀರಿ?"